ಕೆಂಪು ಶಾಯಿ ಮತ್ತು ದೊಡ್ಡವ್ವನ ಬೈಗುಳ

ಮೊನ್ನೆ ಕಪಾಟು ಜಾಡಿಸುವಾಗ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೊಂದು ಶಾಯಿ ಗುಳಿಗೆ. ಅಂಥ ಗುಳಿಗೆಯನ್ನು ನೀರಿನಲ್ಲಿ ಕರಗಿಸಿ ನಾವು ಶಾಯಿ ಮಾಡಿಕೊಳ್ಳುತ್ತಿದ್ದೆವು ಎಂದರೆ ಈಗಿನವರು ನಂಬಲಿಕ್ಕಿಲ್ಲ. ಅದು ಇನ್ನೂ ಬಣ್ಣ ಬಿಟ್ಟೀತೆಂದು ನನಗೂ ನಂಬಿಕೆ ಇರಲಿಲ್ಲವೆನ್ನಿ. ಬಟ್ಟಲಿನ ನೀರಿಗೆ ಹಾಕಿ ನೋಡಿದೆ. ಇಷ್ಟು ವರ್ಷವಾದರೂ ಕೆಂಪಗೆ ಬಿಚ್ಚಿಕೊಂಡಿತು. ಆ ಬಣ್ಣ ಕಂಡೊಡನೆ ನಮ್ಮ ವಕೀಲರು ನೆನಪಾದರು.

ಎರಡನೆಯ ಮಹಾಯುದ್ಧದ ಕಾಲ. ನಾನು ಟಿಕೋಟಾದಿಂದ ಬಂದು ವಿಜಾಪುರದಲ್ಲಿ ಕಾರಕೂನನಾಗಿದ್ದೆ. ಈಗ ಗಾಂಧಿ ಚೌಕ ಎನ್ನುತ್ತೀರಲ್ಲ, ಅಲ್ಲಿಯ ಕಿರಾಣಿ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಸಾಹಿತ್ಯ ಮಂಡಳಿ ಸೇರುತ್ತಿತ್ತು. ಕೆಳಗಿನಿಂದ ಮೆಣಸಿನಕಾಯಿಯ ಘಾಟು ಏರಿ ಬಂದು ಎಲ್ಲರೂ ಸೀನುತ್ತ, ಕಣ್ಣೀರು ಒರೆಸಿಕೊಳ್ಳುತ್ತ ಕೂರುತ್ತಿದ್ದೆವು. ಹೊಸಬರು ನಮ್ಮ ಬರಹಕ್ಕೇ ಕಣ್ಣೀರು ಬಂತೆಂದು ತಿಳಿಯುತ್ತಿದ್ದರು. ನಾವು ಬೇಡವೆನ್ನುತ್ತಿರಲಿಲ್ಲ.

ಮಂಡಳಿಯ ಕಟ್ಟಳೆ ಒಂದೇ. ಯಾರು ಏನೇ ಬರೆಯಲಿ, ಮೊದಲು ವಕೀಲರ ಕೆಂಪು ಶಾಯಿಯಲ್ಲಿ ಮಿಂದು ಬರಬೇಕು. ವಕೀಲರು ಕೋರ್ಟಿನಲ್ಲಿ ಎಷ್ಟು ಗೆದ್ದರೋ ತಿಳಿಯದು, ನಮ್ಮೆದುರು ಮಾತ್ರ ಎಂದೂ ಸೋತವರಲ್ಲ. ಅವರ ಕೈಗೆ ಬಂದ ರೈತ ಭೂಮಿಪುತ್ರನಾಗುತ್ತಿದ್ದ, ಎಮ್ಮೆ ಮಹಿಷಿಯಾಗುತ್ತಿತ್ತು. ಗೋಲಗುಮ್ಮಟದಲ್ಲಿ ಒಬ್ಬ ಕೂಗಿದರೆ ಏಳು ಸಲ ಕೇಳಿಸುವುದಷ್ಟೆ? ನಮ್ಮಲ್ಲಿಯೂ ಕೂಗುವವರು ವಕೀಲರು, ಉಳಿದವರು ಗುಮ್ಮಟದ ಗೋಡೆ. ಯಾರ ಬರಹ ಯಾರದೆಂದು ನಮಗೇ ಗೊತ್ತಾಗುತ್ತಿರಲಿಲ್ಲ. ಒಮ್ಮೆ ನಾನು ಇನ್ನೊಬ್ಬನ ಪ್ರಬಂಧವನ್ನು ನನ್ನದೆಂದು ಅರ್ಧ ಓದಿದೆ, ಅವನು ಚಪ್ಪಾಳೆ ತಟ್ಟಿದ.

ನಾನು ಆಗ ನಮ್ಮ ದೊಡ್ಡವ್ವನ ಮೇಲೆ ಬರೆದಿದ್ದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವ್ವನ ಈ ಅಕ್ಕನೇ. ಬೈಯುವುದೇ ಅವಳ ಉಸಿರು. ಒಲೆಗೆ, ಬೆಕ್ಕಿಗೆ, ಉಬ್ಬದ ರೊಟ್ಟಿಗೆ, ಎಲ್ಲಕ್ಕೂ ಬೈಗುಳ. ಕಣದಲ್ಲಿ ಜೋಳ ತೂರುವಾಗ ಗಾಳಿ ನಿಂತರೆ, ಮೊರ ಎತ್ತಿ ಹಿಡಿದು, “ಎಲ್ಲಿ ಸತ್ತೀದಿ ಲೇ ಗಾಳಿ, ನಿನ್ನ ಬಾಯಾಗ ಮಣ್ಣ ಹಾಕ್ಲಿ!” ಎನ್ನುವಳು. ಇದನ್ನೆಲ್ಲ ಲಗ್ನಪತ್ರಿಕೆಗಳ ಬೆನ್ನಮೇಲೆ ಬರೆದಿದ್ದೆ. ಆಗ ಕಾಗದಕ್ಕೆ ಅಷ್ಟು ಬರ.

ವಕೀಲರು ಮೂಗು ಮುರಿದರು. “ಏನಪಾ ಇದು, ಎಂಥಾ ಭಾಷಾ? ನಾಕ ಮಂದಿ ಸಂಭಾವಿತರು ಕೇಳೂದದ. ಹಸೀ ಕಾಯಿಪಲ್ಲೆ ಹಂಗ ಎಲಿಗೆ ಬಡಸ್ತಾರೇನು?” ಎಂದರು. ಗಾಳಿಯ ಬೈಗುಳ “ಹೇ ಮಾರುತನೇ, ಎತ್ತ ಅಂತರ್ಧಾನನಾದೆ?” ಎಂದಾಯಿತು. ದೊಡ್ಡಪ್ಪ ತೀರಿಕೊಂಡಾಗಿನ ಒಂದು ಭಾಗವನ್ನಂತೂ ‘ಅಪ್ರಸ್ತುತ’ ಎಂದು ಪೂರ್ತಿ ಹೊಡೆದರು. ನಾನು ಕೃತಜ್ಞತೆಯಿಂದ ಶುದ್ಧಪ್ರತಿ ಮಾಡಿದೆ.

ಆಗಾಗ ಹೊರಗಿನ ಊರುಗಳಿಗೂ ಹೋಗಿ ಓದುತ್ತಿದ್ದ ಮಂಡಳಿ ಆ ಸಲ ಬಬಲೇಶ್ವರಕ್ಕೆ ಹೋಯಿತು. ದೊಡ್ಡವ್ವನ ಮಗಳನ್ನು ಕೊಟ್ಟ ಮನೆಯಲ್ಲೇ ಓದು. “ನಿನ್ನ ಮ್ಯಾಲೆ ಬರದೇನಿ” ಎಂದು ನಾನು ಮೊದಲೇ ಜಂಬ ಕೊಚ್ಚಿದ್ದೆ; ಅದನ್ನು ಕೇಳಲೆಂದೇ ಅವಳು ಟಿಕೋಟಾದಿಂದ ಬಂದು, ಒಗೆದ ಇಳಕಲ್ ಸೀರೆಯುಟ್ಟು ಬಾಗಿಲಿಗೆ ಒರಗಿ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಶುದ್ಧಪ್ರತಿ ಓದಿದೆ. ಮುಗಿದಾಗ ವಕೀಲರು ಭೇಷ್ ಎಂದರು. ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮುಗಿಲು ಮೂರೇ ಗೇಣು.

“ಪಾಪ, ಭಾಳ ಸಂಭಾವಿತ ಹೆಣ್ಣಮಗಳು” ಎಂದಳು. “ಯಾವೂರಾಕಿ? ತೀರಿಕೊಂಡು ಭಾಳ ದಿನಾ ಆತೇನು?”

ದೊಡ್ಡವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

“ಇರಲಿ. ನನ್ನ ಮ್ಯಾಲೆ ಬರದೇನಿ ಅಂದಿದ್ದಿಯಲ್ಲ, ಈಗ ಅದನ್ನ ಓದು. ಅದಕ್ಕ ಬಂದೇನಿ ನಾ.”

ಈಗ ಓದಿದ್ದು ನಿನ್ನ ಮೇಲಿನದ್ದೇ ಎಂದರೆ ಅವಳು ನಂಬುವಂತಿರಲಿಲ್ಲ. ನಂಬಿದ್ದರೆ ನನಗೇ ನಾಚಿಕೆ. ಅಂಗಿಯ ಕಿಸೆಯಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದವು. ತೆಗೆದೆ. ವಕೀಲರು ಕೆಮ್ಮಿದರು. ಕೆಂಪು ಗೆರೆಯ ಕೆಳಗೆ ಹೂತಿದ್ದ ಕಪ್ಪು ಅಕ್ಷರಗಳನ್ನು ಹುಡುಕಿ ಹುಡುಕಿ, ತಡವರಿಸುತ್ತ ಓದತೊಡಗಿದೆ. ಗಾಳಿಯ ಬೈಗುಳಕ್ಕೆ ಒಳಗಿನಿಂದ ಹೆಂಗಸರು ಗೊಳ್ಳೆಂದರು. “ನಿನ್ನ ಸುಡ್ಲಿ, ಇದನ್ನೂ ಬರದೀದೇನೋ ಮೂಳ!” ಎಂದು ದೊಡ್ಡವ್ವ ಬೈದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಮುಂದೆಂದೂ ಸಿಗಲಿಲ್ಲ.

ಆಮೇಲೆ ಆ ಅಪ್ರಸ್ತುತ ಭಾಗ ಬಂತು. ದೊಡ್ಡಪ್ಪ ಹೋದ ಮೇಲೆ ದೊಡ್ಡವ್ವ ಯಾವುದಕ್ಕೂ ಬೈಯಲಿಲ್ಲ. ಬೆಕ್ಕು ಹಾಲು ಕುಡಿದರೂ ಸುಮ್ಮನಿದ್ದಳು. ಆ ಮನೆಯಲ್ಲಿ ನನಗೆ ಹೆದರಿಕೆಯಾಗುತ್ತಿತ್ತು, ಇವಳೂ ಹೋಗಿಬಿಡುತ್ತಾಳೆ ಎಂದು. ಒಂದು ಮುಂಜಾನೆ ಹಗ್ಗ ಹರಿದು ಕೊಡ ಬಾವಿಗೆ ಬಿತ್ತು. ಅವಳು ಆ ಕೊಡಕ್ಕೆ ಬಾಯಿತುಂಬ ಬೈದಳು. ನಾನು ಓಡಿ ಬಂದು ರೊಟ್ಟಿ ಕೇಳಿ ತಿಂದೆ.

ಈ ಸಲ ದೊಡ್ಡವ್ವ ಸೆರಗನ್ನು ಕಣ್ಣಿಗೆ ಒಯ್ಯಲಿಲ್ಲ. “ಕೊಡಕ್ಕ ಅಲ್ಲೋ” ಎಂದಳು. “ಕೊಡಾ ಏನ ಮಾಡಿತ್ತು ಪಾಪ? ಹಗ್ಗಕ್ಕ ಬೈದಿದ್ದೆ. ನಡುವ ಕೈ ಬಿಟ್ಟದ್ದು ಹಗ್ಗ. ಅದೊಂದು ತಿದ್ದು.”

ವಕೀಲರು ಸೋಲೊಪ್ಪಿದರೆಂದು ತಿಳಿಯಬೇಡಿ. ಮುಂದಿನ ವಾರವೇ ‘ಹಸೀ ಬರಹ’ ಮಂಡಳಿಯ ಹೊಸ ಕಟ್ಟಳೆಯಾಯಿತು. ಎಲ್ಲರೂ ಒಬ್ಬೊಬ್ಬ ದೊಡ್ಡವ್ವನನ್ನು ಹಿಡಿದು ತಂದರು. ‘ಇಲ್ಲೊಂದು ಬೈಗುಳ ಬೇಕು’, ‘ಇಷ್ಟು ಹಸಿ ಸಾಲದು’ ಎಂದು ಅಂಚಿನಲ್ಲಿ ಕೆಂಪು ಶಾಯಿ ಬೀಳತೊಡಗಿತು. ಭೂತನಾಳದ ಗೆಳೆಯನ ಸೋದರತ್ತೆ ಇರುವೆಗೂ ಬೈದವಳಲ್ಲ. ಅವಳ ಬಾಯಲ್ಲಿ ಪುಟಗಟ್ಟಲೆ ಬೈಗುಳ ಹಾಕಿಸಿದರು. ಸುದ್ದಿ ತಿಳಿದ ಆಕೆ ಜನ್ಮದಲ್ಲಿ ಮೊದಲ ಸಲ ಬೈದಳು, ಅವನಿಗೇ. ನಾನು ಮೆಲ್ಲಗೆ ಮಾಳಿಗೆ ಏರುವುದನ್ನು ಬಿಟ್ಟೆ.

ಈಗ ಬಟ್ಟಲಿನ ಕೆಂಪು ಶಾಯಿ ಪಕ್ಕದಲ್ಲಿದೆ. ಬರೆದದ್ದನ್ನು ಮೊದಲಿನಿಂದ ಓದಿ ನೋಡಿದೆ. ಸೊಟ್ಟಪಟ್ಟ ಸಾಲುಗಳಿವೆ, ವಕೀಲರಿದ್ದರೆ ಹಬ್ಬ ಮಾಡುತ್ತಿದ್ದರು. ಇರಲಿ ಬಿಡಿ. ಆದರೆ ಇಷ್ಟು ವರ್ಷಗಳ ಮೇಲೂ, ಮೇಲೆ ನೋಡಿ, ಮತ್ತೆ ‘ಆ ಕೊಡಕ್ಕೆ’ ಎಂದೇ ಬರೆದಿದ್ದೇನೆ. ಲೇಖಣಿಯನ್ನು ಬಟ್ಟಲಿಗೆ ಅದ್ದಿದೆ. ಆ ಒಂದು ಪದ ಹೊಡೆದು, ಮೇಲೆ ಕೆಂಪಗೆ ‘ಹಗ್ಗಕ್ಕೆ’ ಎಂದು ಬರೆದು, ಉಳಿದ ಶಾಯಿಯನ್ನು ತುಳಸಿಯ ಬುಡಕ್ಕೆ ಚೆಲ್ಲಿದೆ.