ಬೆಳಕಿಲ್ಲದೆ ಬಂದ ಗುಳ್ಳೆಗಳು

ನಾನು ಈ ಊರಿಗೆ ಬಂದ ನಾಲ್ಕನೇ ದಿನ, ಹೊರಗೆ ಹಿಮ ಬೀಳುತ್ತಿದ್ದಾಗ, ಮನೆಯ ಮಾಲಕಿ ಬಾಗಿಲು ತಟ್ಟಿ ಒಳಗೆ ಬಂದು ನನ್ನ ಕೋಣೆಯ ಎರಡೂ ಕಿಟಕಿಗಳನ್ನು ಪೂರ್ತಿ ತೆರೆದಳು. ಹತ್ತು ನಿಮಿಷ ಕೈಕಟ್ಟಿ ಅಲ್ಲೇ ನಿಂತಳು. ನಾನು ಶಾಲು ಹೊದ್ದು ನಡುಗುತ್ತ ಅವಳ ಮುಖ ನೋಡುತ್ತಿದ್ದೆ. 'ಲ್ಯೂಫ್ಟನ್' ಎಂದಳು. ಮನೆಗೆ ಗಾಳಿ ಆಡಿಸುವುದು ಎಂದರ್ಥ. ಹಾಗೆ ಮಾಡದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದಂತೆ. ಬಾಡಿಗೆ ಕರಾರಿನಲ್ಲೇ ಅದು ಬರೆದಿತ್ತು. ನಾನು ಓದಲು ಬಾರದೆ ಸಹಿ ಹಾಕಿದ್ದೆ. ತೆಲಂಗಾಣದ ನಮ್ಮೂರು ಮಕ್ತಲ್‌ನಲ್ಲಿ ನಾವು ಬೇಸಿಗೆಯ ದಿನ ಹತ್ತು ಗಂಟೆಗೇ ಕಿಟಕಿ ಮುಚ್ಚಿ ಬಿಸಿಲನ್ನು ಹೊರಗಿಡುವ ಮಂದಿ. ಇಲ್ಲಿಯವರು ಚಳಿಯನ್ನು ತಾವೇ ಒಳಗೆ ಕರೆಯುತ್ತಾರೆ.

ನಾರಾಯಣಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನನಗೆ ನಲವತ್ತರ ಹತ್ತಿರ ಬಂದಾಗ ಜರ್ಮನಿಯ ಈ ಸಣ್ಣ ಪಟ್ಟಣದಲ್ಲಿ ಸಂಶೋಧನೆ ಮಾಡುವ ಅವಕಾಶ ಸಿಕ್ಕಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಬೆರೆತ ಮಾತು. ಹೀಗೆ ಬೆಳೆದವಳಿಗೆ ಇನ್ನೊಂದು ಭಾಷೆ ಭಾರವಾಗದು ಅಂದುಕೊಂಡಿದ್ದೆ. ಭಾರವೇ ಆಯಿತು. ಮೊದಲ ತಿಂಗಳು ಅಂಗಡಿಗಳಲ್ಲಿ ಬೆರಳು ತೋರಿಸಿ ಸಾಮಾನು ತಂದೆ. ಒಂದು ದಿನ ಎಮಿನೆ ಎಂಬ ತುರ್ಕಿ ಹೆಂಗಸಿನ ಅಂಗಡಿಯಲ್ಲಿ ಸೋಪಿಗೆ ಜರ್ಮನ್ ಪದ ನೆನಪಾಗದೆ, ಬೇಸತ್ತು 'ಸಾಬೂನು' ಅಂದುಬಿಟ್ಟೆ. ಅವಳು ತಿರುಗಿ ನೋಡಿ, 'ಸಾಬುನ್?' ಎಂದು ಸೋಪು ತೆಗೆದು ಕೈಗಿಟ್ಟಳು. ತುರ್ಕಿಯಲ್ಲೂ ಅದೇ ಪದವಂತೆ. ಆಮೇಲೆ ಇಬ್ಬರೂ ನಿಂತು ಒಂದೊಂದೇ ಪದ ಹೊರಗೆ ತೆಗೆದೆವು: ದುಕಾನು, ಜವಾಬು, ಮೈದಾನ. ಆ ವಾರ ಅವಳು ನನಗಾಗಿ ಎಲ್ಲಿಂದಲೋ ಜೋಳದ ಹಿಟ್ಟು ತರಿಸಿದಳು. ರೊಟ್ಟಿ ಬಡಿದರೆ ಕೆಳಗಿನ ಮನೆಯವರಿಗೆ ಸದ್ದಾಗುತ್ತದೆ, ಆದ್ದರಿಂದ ಲಟ್ಟಿಸಿದೆ. ರುಚಿ ಅಷ್ಟಕ್ಕಷ್ಟೆ.

ನನ್ನ ಕೆಲಸ ಬೆಳಕಿನಿಂದ ನೀರನ್ನು ಒಡೆಯುವುದು. ಮನೆಗಳ ಮಾಳಿಗೆ ಮೇಲೆ ಕೂಡಿಸುವ ಸೌರಫಲಕದಲ್ಲಿರುವಂಥ ಸಿಲಿಕಾನ್ ಬಿಲ್ಲೆ ತಗೊಂಡು, ಅದರ ಮೈಯನ್ನು ಆಮ್ಲದಲ್ಲಿ ಕೊರೆಯುತ್ತೇವೆ. ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಸೂಜಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಕನ್ನಡಿಯಂತೆ ಹೊಳೆಯುತ್ತಿದ್ದ ಬಿಲ್ಲೆ ಕಾಡಿಗೆಯಷ್ಟು ಕಪ್ಪಾಗುತ್ತದೆ. ಬಿದ್ದ ಬೆಳಕು ವಾಪಸು ಹೋಗುವುದಿಲ್ಲ. ಅದನ್ನು ನೀರಿನಲ್ಲಿ ಮುಳುಗಿಸಿ ಬೆಳಕು ಹಾಯಿಸಿದರೆ ಜಲಜನಕದ ಗುಳ್ಳೆ ಏಳುತ್ತವೆ. ಹೊಗೆಯಿಲ್ಲದೆ ಉರಿಯುವ ಇಂಧನ ಅದು. ಆದರೆ ಒಡೆಯಬೇಕಾದ ನೀರೇ ಸಿಲಿಕಾನನ್ನು ಕೆಡಿಸುತ್ತದೆ. ಸಾಮಾನ್ಯವಾಗಿ ಬಿಲ್ಲೆ ಒಂದು ಹಗಲು ಬಾಳುವುದಿಲ್ಲ. ಅದನ್ನು ಕಾಯುವ ತೆಳು ಲೇಪವೊಂದನ್ನು ಕಂಡುಹಿಡಿಯುವುದು ನನ್ನ ಪಾಲಿಗೆ ಬಂದಿತ್ತು.

ಎರಡನೇ ಚಳಿಗಾಲದಲ್ಲಿ ಒಂದು ಬಿಲ್ಲೆ ಮೂರು ದಿನ ನಡೆಯಿತು. ತಂಡದ ಮುಖ್ಯಸ್ಥೆ ಆಂಕೆ ದಿನವೂ ಬಂದು ಬಗ್ಗಿ ನೋಡಿದಳು. ಊರಲ್ಲಾಗಿದ್ದರೆ 'ಮೇಡಂ' ಅನ್ನದೆ ಎದುರು ನಿಲ್ಲಲಾರದಂಥ ಹುದ್ದೆ ಅವಳದು. ಇಲ್ಲಿ ಬರೀ ಆಂಕೆ. ಲೇಖನ ಬರೆಯೋಣ ಎಂದಳು. ನಾನು ಖುಷಿಯಲ್ಲಿ ಗದ್ವಾಲಿಗೆ ಫೋನ್ ಮಾಡಿದೆ. ಅಲ್ಲಿ ನನ್ನ ಅಕ್ಕ ನೀಲಮ್ಮ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ.

ನಾಲ್ಕನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಪ್ರಯೋಗದ ಪೆಟ್ಟಿಗೆಯ ದೀಪ ಸುಟ್ಟುಹೋಯಿತು. ಹೊಸ ಬಲ್ಬು ತರಲು ಎದ್ದವಳು ಹಾಗೇ ನಿಂತೆ. ಕತ್ತಲಾದ ಪೆಟ್ಟಿಗೆಯೊಳಗೆ ಬಿಲ್ಲೆಯಿಂದ ಗುಳ್ಳೆ ಇನ್ನೂ ಏಳುತ್ತಿದ್ದವು.

ನಾವು ಹೊರಗಿನಿಂದ ಸ್ವಲ್ಪ ವಿದ್ಯುತ್ತಿನ ಒತ್ತಾಸೆ ಕೊಟ್ಟಿರುತ್ತೇವೆ. ಸಿಲಿಕಾನಿಗೆ ಅದೊಂದೇ ಸಾಲದು, ಬೆಳಕು ಹೋದರೆ ಗುಳ್ಳೆ ನಿಲ್ಲಬೇಕು. ಮೊದಲ ದಿನ ಪರೀಕ್ಷಿಸಿದಾಗ ನಿಂತಿದ್ದವು. ಬಿಲ್ಲೆ ಹೊರತೆಗೆದು ನೋಡಿದೆ. ಬೆನ್ನಿನ ತಾಮ್ರದ ತಂತಿಗೆ ನೀರು ತಾಗದಂತೆ ಹಚ್ಚಿದ್ದ ಅಂಟು ಒಂದು ಮೂಲೆಯಲ್ಲಿ ಬಿಟ್ಟಿತ್ತು. ಗುಳ್ಳೆ ಬರುತ್ತಿದ್ದದ್ದು ತಾಮ್ರದಿಂದ, ಹೊರಗಿನ ವಿದ್ಯುತ್ತಿನ ಬಲದಿಂದಲೇ. ಆ ಮೂರು ದಿನದಲ್ಲಿ ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳು ಎಂದು ಹೇಳಲು ಬರುವಂತಿರಲಿಲ್ಲ. ಬಲ್ಬು ಬದಲಿಸಿ ಸುಮ್ಮನೆ ಕೂತಿದ್ದರೆ ಆ ದಿನ ಯಾರಿಗೂ ತಿಳಿಯುತ್ತಿರಲಿಲ್ಲ. ಇದು ನನಗೆ ಹೊಳೆಯಿತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಊಟ ಮುಗಿಸಿ ಆಂಕೆ ಬರುವವರೆಗೂ ಬಿಲ್ಲೆಯನ್ನು ಕೈಯಲ್ಲಿ ಹಿಡಿದೇ ಕೂತಿದ್ದೆ.

ಅವಳು ಅಂಟಿನ ಮೂಲೆಯನ್ನು ಬಹಳ ಹೊತ್ತು ನೋಡಿ 'ಶಾಡೆ' ಎಂದಳು. ಅಯ್ಯೋ ಅನ್ನುವುದಕ್ಕೆ ಇಲ್ಲಿ ಆ ಮಾತು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಲೇಖನದ ಕರಡನ್ನು ಅಳಿಸಿ ತನ್ನ ಕೋಣೆಗೆ ಹೋದಳು. ನಾರಾಯಣಪೇಟೆಯಲ್ಲಾಗಿದ್ದರೆ ಇಬ್ಬರು ಬೈದು, ನಾಲ್ವರು ಚಹಾ ಕುಡಿಸಿ, ಸಂಜೆಯೊಳಗೆ ಅದನ್ನು ಎಲ್ಲರ ತಪ್ಪನ್ನಾಗಿ ಮಾಡುತ್ತಿದ್ದರು. ಇಲ್ಲಿ ಅದು ನನ್ನೊಬ್ಬಳದೇ ಆಗಿ ಉಳಿಯಿತು.

ಅಕ್ಕನಿಗೆ ಹೇಳುವುದು ಇನ್ನೂ ಕಷ್ಟವಾಯಿತು.

"ಅಕ್ಕಾ, ಆ ಮೂರು ದಿನದ ಸುದ್ದಿ ತಪ್ಪೈತಿ."

"ಅಯ್ಯ ನಮ್ಮವ್ವಾ! ಪ್ರಾರ್ಥನಾದಾಗ ಎಲ್ಲಾ ಹುಡುಗ್ಯಾರ ಮುಂದ ಹೇಳಿ ಚಪ್ಪಾಳಿ ಹೊಡಿಸೀನಲ್ಲೇ ಗಿರಿಜಾ. ಈಗ ಏನಂತ ಹೇಳ್ಲಿ?"

"ತಪ್ಪಾಗೇತಿ ಅಂತ ಹೇಳು."

"ಇಲ್ಲಿ ಯಾರಿಗೆ ಗೊತ್ತಾಗತೈತಿ? ಸುಮ್ನಿರು. ಇನ್ನೊಂದು ಮಾಡಿ ತೋರ್ಸು."

"ನನಗ ಗೊತ್ತೈತಲ್ಲಕ್ಕಾ."

ಅವಳು ಫೋನ್ ಇಟ್ಟುಬಿಟ್ಟಳು. ಹತ್ತು ದಿನ ಕರೆ ಬರಲಿಲ್ಲ. ಸಂಜೆ ನಾಲ್ಕಕ್ಕೇ ಕತ್ತಲಾಗುವ ದಿನಗಳವು. ಕೆಲಸ ಮುಗಿಸಿ ಎಮಿನೆಯ ಅಂಗಡಿಯಲ್ಲಿ ಬೇಕಿಲ್ಲದಿದ್ದರೂ ಏನಾದರೂ ಕೊಳ್ಳುತ್ತ ನಿಲ್ಲುತ್ತಿದ್ದೆ. ಅಂಟನ್ನು ಬದಲಿಸಿದೆ. ಗಂಟೆಗೊಮ್ಮೆ ದೀಪ ಆರಿಸಿ ನೋಡುವ ಕ್ರಮ ಇಟ್ಟುಕೊಂಡೆ. ಹೊಸ ಬಿಲ್ಲೆ ಒಂದು ಹಗಲು ಪೂರ್ತಿ ನಡೆಯಿತು, ದೀಪ ಆರಿಸಿದಾಗಲೆಲ್ಲ ಗುಳ್ಳೆ ನಿಂತವು. ಆಂಕೆ ದಾಖಲೆ ನೋಡಿ ತಲೆಯಾಡಿಸಿದಳು. ನನಗೆ ಅಷ್ಟು ಸಾಕಾಯಿತು.

ಹನ್ನೊಂದನೇ ದಿನ ಬೆಳಿಗ್ಗೆ ಅಕ್ಕನ ಕರೆ. ಹಿಂದೆ ತರಗತಿಯ ಗದ್ದಲ.

"ಹೇಳೀನವಾ ಹುಡುಗ್ಯಾರಿಗೆ, ತಪ್ಪಾಗೇತಿ ಅಂತ. ಒಬ್ಬಾಕಿ ಎದ್ದು ನಿಂತು, ತಪ್ಪು ಅಂತ ಅವ್ರಿಗೆ ಹೆಂಗ ತಿಳೀತು ಅಂತ ಕೇಳ್ಯಾಳ. ನನಗ ಹೇಳಾಕ ಬರವಲ್ದು. ನೀನೇ ಹೇಳು."

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ನಾನು ತೆಲುಗಿನಲ್ಲಿ ಸುಟ್ಟ ದೀಪದ ಕಥೆ ಹೇಳಿದೆ. ನಡುವೆ ಎರಡು ಸಲ ಜರ್ಮನ್ ಪದ ಬಾಯಿಗೆ ಬಂತು, ಹುಡುಗಿಯರು ನಕ್ಕರು. ಕೊನೆಗೆ ಒಬ್ಬಳು, "ಮಳ್ಳೀ ಚೇಸ್ತಾರಾ ಮೇಡಂ?" ಎಂದಳು. ಮತ್ತೆ ಮಾಡುತ್ತೀರಾ ಎಂದು. ಮಾಡುತ್ತಿದ್ದೇನೆ ಎಂದೆ. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಇನ್ನೂ ನಾಲ್ಕು ಪ್ರಶ್ನೆ ಕೇಳಿದರು.

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. "ಊಟದ ಹೊತ್ತಾತು, ಇಡ್ತೀನಿ," ಅಂದಳು ಅಕ್ಕ.

"ಇಷ್ಟ್ ಲಗೂನ? ನಮ್ಮಲ್ಲಿ ಈಗ ಎಂಟು ಗಂಟಿ," ಅಂದೆ.

ಆ ಕಡೆ ಹುಡುಗಿಯರು ಎದ್ದು ಹೊರಡುವ ಸದ್ದು.

"ಹೌದಲ್ಲ, ನಿಮ್ಮಲ್ಲಿ ಎಂಟು ಗಂಟಿ," ಎಂದಳು ಅಕ್ಕ, ಸಿಟ್ಟಿಲ್ಲದೆ. "ನಾಷ್ಟಾ ಮಾಡು ಹಂಗಾರ."

ಬಾಯಿತಪ್ಪಿ ಬಂದ ಆ 'ನಮ್ಮಲ್ಲಿ'ಯನ್ನು ನಾನು ತಿದ್ದುವಷ್ಟರಲ್ಲಿ ಫೋನ್ ಇಟ್ಟಿದ್ದಳು. ಇಡದಿದ್ದರೂ ಏನೆಂದು ತಿದ್ದುತ್ತಿದ್ದೆನೋ ತಿಳಿಯದು.