ಅತ್ತೆಯ ಸಬ್ಸಿಡಿ ಬಾವಿ

ಕಳೆದ ತಿಂಗಳು ನಮ್ಮ ಸೋದರತ್ತೆ ಚಿಕ್ಕತಾಯಮ್ಮ ಸರ್ಕಾರಿ ಕಚೇರಿಗೆ ನುಗ್ಗಿ, ಅಧಿಕಾರಿಯ ಮೇಜಿನ ಮೇಲೆ ಬಿಂದಿಗೆ ತುಂಬ ನೀರು ಇಟ್ಟಳು. ಪಕ್ಕದಲ್ಲೇ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ವಿಷಯ ಇಷ್ಟೆ. ಹೊಲದಲ್ಲಿ ಬಾವಿ ತೋಡಿಸಿದರೆ ಸರ್ಕಾರ ಖರ್ಚಿನ ಒಂದು ಪಾಲು ಸಬ್ಸಿಡಿ ಕೊಡುತ್ತದೆ. (ದೇಶಕ್ಕೆ ಕಾಳು ಬೇಕಲ್ಲ! ರೇಷನ್ ಅಂಗಡಿ ಮುಂದೆ ನಿಲ್ಲುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ?) ಮಾವ ತೀರಿಕೊಂಡ ಮೇಲೆ ಬೇಸಾಯವೆಲ್ಲ ಅತ್ತೆಯದೇ. ನರಸೀಪುರ ರಸ್ತೆಯ ತನ್ನೂರಿನಲ್ಲಿ ಬಾವಿ ತೋಡಿಸಿದಳು. ಮೊದಲ ಕಂತು ಬಂತು. ಎರಡನೆಯ ಕಂತಿಗೆ ಅಧಿಕಾರಿ ಖುದ್ದು ಬಂದು ನೀರು ನೋಡಬೇಕು. ಅವರ ಜೀಪು ರಿಪೇರಿಯಲ್ಲಿ. ಬಾವಿಯ ಕಲ್ಲುಕಟ್ಟಡ ಅರ್ಧಕ್ಕೆ ನಿಂತಿದೆ. ಮಳೆ ಹಿಡಿದರೆ ಮಣ್ಣು ಕುಸಿದು ಬಾವಿಯೇ ಮುಚ್ಚಿಹೋಗುತ್ತದೆ.

ಅದಕ್ಕೇ ಅತ್ತೆ ಮೊದಲ ಬಸ್ಸಿಗೇ ಪೇಟೆಗೆ, ನಜರ್‌ಬಾದಿನ ನಮ್ಮ ಮನೆಗೆ ಬಂದು, ನನ್ನನ್ನೂ ಎಳೆದುಕೊಂಡು ಕಚೇರಿಗೆ ಹೊರಟದ್ದು.

"ನೀರು ನೋಡ್ಬೇಕು ಅಂದ್ರಲ್ಲ ಸ್ವಾಮಿ, ತಂದ್ಬುಟ್ಟಿವ್ನಿ. ನೋಡ್ಬುಡಿ."

ಅಧಿಕಾರಿ ಇನ್ನೂ ಹುಡುಗ ವಯಸ್ಸಿನವರು. ಬೈಯುತ್ತಾರೆ ಅಂದುಕೊಂಡೆ. ಅವರು ನಗು ತಡೆದುಕೊಂಡು, "ಇದು ನಿಮ್ಮ ಬಾವೀದೇ ಅಂತ ನಾನು ಹೇಗಮ್ಮ ಬರೀಲಿ?" ಎಂದರು.

"ಹಂಗಾದ್ರೆ ನೀವೇ ಬನ್ನಿ."

"ಜೀಪಿಲ್ವಲ್ಲಮ್ಮ!"

"ಬಸ್ಸು ಅದಲ್ಲ! ನಮ್ಮನೇಲೇ ಊಟ. ಏಳಿ."

ಎದ್ದೇಬಿಟ್ಟರು! ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕದ ಸೀಟು ಅವರಿಗೆ ಕೊಟ್ಟಳು. ಬಿಂದಿಗೆ ನನಗೆ ಕೊಟ್ಟಳು.

ಬಾವಿಯ ಹತ್ತಿರ ಹೋದರೆ ಊರಿನ ಹೆಂಗಸರು ರಾಟೆ ಹಾಕಿ ಕುಡಿಯುವ ನೀರು ಸೇದುತ್ತಿದ್ದಾರೆ. ಅಧಿಕಾರಿಯ ಮುಖ ಇಳಿಯಿತು.

"ಅಮ್ಮ, ಈ ಸಬ್ಸಿಡಿ ಬೇಸಾಯಕ್ಕೆ. ಊರೋರೆಲ್ಲ ಸೇದಿದ್ರೆ ರೂಲ್ಸ್ ಒಪ್ಪಲ್ಲ ಕಣಮ್ಮ."

ರಾಟೆ ನಿಂತಿತು. ಯಾರಿಗೂ ಹೆದರದ ಅತ್ತೆಯ ಮುಖ ಕಪ್ಪಿಟ್ಟಿತು. ಮೆತ್ತಗೆ ಹೇಳಿದಳು: "ನನ್ ಹೊಲ್ದಲ್ಲಿ ನಾಟಿ ಹಾಕೋರು, ಕಳೆ ಕೀಳೋರು ಇವ್ರೇ ಸ್ವಾಮಿ. ಇವ್ರಿಗೆ ನೀರಿಲ್ಲ ಅಂತ ಎಂಗೆ ಹೇಳ್ಲಿ? ಬೇಕಾದ್ರೆ ನಿಮ್ ದುಡ್ಡು ನೀವೇ ಇಟ್ಕಳಿ. ರಾಟೆ ಮಾತ್ರ ಬಿಚ್ಚಾಕಿಲ್ಲ."

ಅಧಿಕಾರಿ ಬಾವಿಯಿಂದ ಹೊರಟ ಕಾಲುವೆಯ ಜಾಡು ಹಿಡಿದು ಹೊಲಕ್ಕೆ ನಡೆದರು. ಆ ಬಿಸಿಲಿನಲ್ಲೂ ರಾಗಿ ಹಸಿರಾಗಿ ನಿಂತಿತ್ತು. ವಾಪಸು ಬಂದು, ಒಬ್ಬಾಕೆಯ ಮುಂದೆ ಬೊಗಸೆ ಒಡ್ಡಿ ನೀರು ಕುಡಿದರು. ಆಮೇಲೆ ಪೆನ್ನು ತೆಗೆದು, 'ಬಾವಿಯಲ್ಲಿ ನೀರಿದೆ, ಪೈರಿಗೆ ಹರಿಯುತ್ತಿದೆ' ಎಂದು ಬರೆದರು.

ಎರಡೂ ನಿಜವೇ. ಯಾರು ಯಾರು ಕುಡಿಯುತ್ತಾರೆ ಎಂದು ಕಾಗದ ಕೇಳಿರಲಿಲ್ಲ. ಅವರೂ ಬರೆಯಲಿಲ್ಲ.

ಮುದ್ದೆ, ಉಪ್ಸಾರು ಉಂಡರು. ಎರಡನೆಯ ಮುದ್ದೆಗೆ ಬೇಡ ಅನ್ನಲಿಲ್ಲ. ಸಂಜೆ ಬಸ್ಸು ಹತ್ತುವಾಗ, "ಹೀಗೆ ಯಾರೂ ಕರೆಯೋದೇ ಇಲ್ಲ ಕಣ್ರೀ, ಬರೀ ಅರ್ಜಿ ಕಳಿಸ್ತಾರೆ," ಎಂದು ನನ್ನ ಹತ್ತಿರ ಹೇಳಿಕೊಂಡರು.

ಕಂತು ಬಂದಿದೆ. ಕಲ್ಲುಕಟ್ಟಡ ಮೇಲೇಳುತ್ತಿದೆ. ಅತ್ತೆ ಆರಾಮಾಗಿದ್ದಾಳೆ, ನಾನೂ ಆರಾಮಾಗಿದ್ದೇನೆ.

ಸರ್ಕಾರ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಜಗಲಿಯ ಮೇಲೆ ಕೂತು ಗೊಣಗುತ್ತೇವಲ್ಲ, ಆ ಸರ್ಕಾರವನ್ನು ನಾವು ಊಟಕ್ಕೆ ಬಾ ಎಂದು ಕರೆದದ್ದು ಯಾವತ್ತು?