ಆಚಾರಿಯ ಕುರಿಗೆ ನಾನು ಬಳಿದ ಬಣ್ಣ

ಹಿಂದೂಪುರದ ಮಗಳ ಮನೆಯ ಗೇಟಿಗೆ ಮೊನ್ನೆ ಪೇಂಟ್ ಹೊಡೆಸಿದರು. ಆ ವಾಸನೆಗೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮಗಳು ಪಿತ್ತ ಎಂದಳು. ಪಿತ್ತವಲ್ಲ. ಕಲ್ಯಾಣದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಚಾರಿ ನೆನಪಾಗಿದ್ದ...

ಬಾಗಿಲು, ಮಂಚ ಮಾಡುವ ಬಡಗಿ ಅವನು. ರಸ್ತೆ ಅಗಲ ಮಾಡುವಾಗ ಕಡಿದ ಹುಣಸೆಮರದ ಬೊಡ್ಡೆಯನ್ನು ಕೇಳಿ ತಂದು, ಎರಡು ಬೇಸಿಗೆ ಕೂತು, ಮರಿಗೆ ಹಾಲೂಡಿಸುವ ಕುರಿಯೊಂದನ್ನು ಕೆತ್ತಿದ. ಅದನ್ನು ಪಾರ್ಕಿನಲ್ಲಿ ನಿಲ್ಲಿಸಿದರು. ಕಂಬದೂರು ಕಡೆಯ ಕುರಿಯವರು ಅದರ ಕೆಚ್ಚಲು ಮುಟ್ಟಿ ನೋಡಿ “ಬಾಗುಂದಿ” ಎಂದು ತೆಲುಗಿನಲ್ಲಿ ಮೆಚ್ಚಿಕೊಳ್ಳುತ್ತಿದ್ದರು. ಆಚಾರಿಗೆ ಮಕ್ಕಳಿರಲಿಲ್ಲ. ಮಾಡಿದ ಬಾಗಿಲುಗಳೆಲ್ಲ ಬೇರೆಯವರ ಮನೆಯಲ್ಲಿ. ಅವನದು ಎಂದು ಊರಲ್ಲಿ ಇದ್ದದ್ದು ಅದೊಂದೇ.

ಪ್ರತಿ ವರ್ಷ ಮಳೆಗೆ ಮೊದಲು ಅದಕ್ಕೆ ಹೊಂಗೆ ಎಣ್ಣೆ ತಿಕ್ಕುತ್ತಿದ್ದ. ಆದರೂ ಬಿಸಿಲಿಗೆ ಕುರಿ ಬೂದಿ ಬಣ್ಣಕ್ಕೆ ತಿರುಗಿತು, ಬೆನ್ನು ಸೀಳುಬಿಟ್ಟಿತು.

“ಮುದುಕಿ ಆಗೋಯ್ತಲ್ಲೋ ನಿನ್ ಕುರಿ! ಚೆಂದಾಗಿ ಪೇಂಟ್ ಹೊಡೀಬಾರ್ದಾ?” ಎಂದೆ.

“ಮೊದ್ಲು ನಿನ್ ತಲೆಗೆ ಹೊಡಿಸ್ಕೊ ಹೋಗಕ್ಕ,” ಎಂದು ನಕ್ಕ. “ಮರಕ್ಕೂ ವಯಸ್ಸಾಯ್ತದೆ. ಆಗ್ಲಿ ಬುಡು. ಉಸ್ರಾಡ್ತಿದ್ರೆ ಸಾಕು.”

ಆಮೇಲೆ ಅವನಿಗೆ ಲಕ್ವ ಹೊಡೆಯಿತು. ಹೆಂಡತಿಯ ಕೈಯಲ್ಲಿ ಎಣ್ಣೆ ಕಳಿಸಿ, ಈ ಸಲ ನೀನೇ ಹಚ್ಚಿಬಿಡಕ್ಕ ಎಂದು ಕೇಳಿಕೊಂಡ. ನಾನು ಮಹಾ ಜಾಣೆ. ಎಣ್ಣೆಯನ್ನು ದೀಪಕ್ಕೆ ಎತ್ತಿಟ್ಟುಕೊಂಡು, ಬಿಳಿ ಪೇಂಟ್ ಡಬ್ಬ ತಂದು, ಸೀಳೂ ಕಾಣದಂತೆ ದಪ್ಪವಾಗಿ ಬಳಿದೆ. ಖುಷಿಪಡಲಿ ಎಂದು ಅವನನ್ನು ಆಟೋದಲ್ಲಿ ಕರೆದೊಯ್ದು ತೋರಿಸಿದೆ. ಆಡುವ ಕೈಯಿಂದ ಕುರಿಯ ಬೆನ್ನು ಸವರಿದ. ತುಂಬ ಹೊತ್ತು ಸವರಿದ...

“ಒಳಗಿರೋ ನೀರು ಎಲ್ಲಿಂದ ಹೋಗ್ಬೇಕಕ್ಕ?”

ಅಷ್ಟೇ. ಬೈಯಲಿಲ್ಲ. ಮನೆಗೆ ಹೋಗಿ ಹೆಂಡತಿಯ ಹತ್ತಿರ “ಅಕ್ಕ ಚೆನ್ನಾಗ್ ಮಾಡವ್ಳೆ” ಎಂದನಂತೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಮುಗಿಸಿರುತ್ತಿದ್ದೆ.

ಅವನು ಆ ವರ್ಷದ ಚಳಿಗಾಲ ದಾಟಲಿಲ್ಲ. ಮುಂದಿನ ಮಳೆ ನಿಂತ ಮೇಲೆ ಹೋಗಿ ಕುರಿಯ ಹೊಟ್ಟೆ ಒತ್ತಿದೆ. ಬಣ್ಣದ ಸಿಪ್ಪೆ ಒಡೆದು ಬೆರಳು ಒಳಗೆ ಹೋಯಿತು. ಮರವೆಲ್ಲ ನೆನೆಸಿದ ಕಡಲೆಕಾಯಿ ಹಿಂಡಿಯಂತಾಗಿತ್ತು. ಆಮೇಲೆ ನಾನು ಆ ಪಾರ್ಕಿನ ಕಡೆ ತಲೆ ಹಾಕಲಿಲ್ಲ, ಮಗಳ ಮನೆಗೆ ಬಂದುಬಿಟ್ಟೆ.

ಗೇಟಿನ ಬಣ್ಣ ಆರಿದ ದಿನ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಪಾರ್ಕು ಗುಡಿಸುತ್ತಿದ್ದವಳನ್ನು ಕೇಳಿದೆ.

“ಮರದ ಕುರೀನಾ? ಅದು ಕುಸ್ದು ಬಿತ್ತು ಕಣಜ್ಜಿ. ಬಾಣ್ಲೀಲಿ ತುಂಬಿ ಎತ್ತಾಕ್ಬುಟ್ವಿ.”

ಆ ಜಾಗದಲ್ಲಿ ಈಗ ಸಿಮೆಂಟ್ ಬೆಂಚು. ನನಗೆ ಮಂಡಿ ನೋಯುತ್ತಿತ್ತು. ಕೂತ್ಕೊ ಅಜ್ಜಿ ಎಂದಳು ಅವಳು. ನಾನು ನಿಂತೇ ಇದ್ದೆ.